ದಾರಿಯಲ್ಲಿರುವವರಿಗೆ ಹೇಳಬಾರದ್ದು

ನನ್ನ ಅಣ್ಣ ರಘೋತ್ತಮನಿಗೆ ಕೆಟ್ಟ ಸುದ್ದಿ ಹೇಳಲು ಬರುವುದಿಲ್ಲ. ಅಂಥವನು ಐವತ್ತು ದಾಟಿದ ಮೇಲೆ, ಕೆಟ್ಟ ಸುದ್ದಿ ಹೇಳುವುದನ್ನು ಬಿಟ್ಟರೆ ಬೇರೇನೂ ಇಲ್ಲದ ಕೆಲಸವೊಂದನ್ನು ಹಿಡಿದ. ಅದೂ ಗಂಟೆಗೆ ನೂರಕ್ಕೂ ಹೆಚ್ಚು ಮೈಲಿ ವೇಗದಲ್ಲಿ ಓಡುತ್ತಿರುವವನಿಗೆ ಹೇಳುವ ಕೆಲಸ.

ಅವನೊಬ್ಬನನ್ನೇ ದೂರಿ ಫಲವಿಲ್ಲ. ದಾರಿಯಲ್ಲಿರುವವರಿಗೆ ಕೆಟ್ಟ ಸುದ್ದಿ ಹೇಳಬಾರದು ಎನ್ನುವುದು ನಮ್ಮ ಮನೆಯ ಕಾಯಿದೆ. ಮನೆಗೆ ಬರಬೇಕು, ಕೈಕಾಲು ತೊಳೆಯಬೇಕು, ಎರಡು ತುತ್ತು ತಿನ್ನಬೇಕು, ಆಮೇಲೆ ಹೇಳಬೇಕು. ಮೊದಲೇ ಹೇಳಿದರೆ ಸೂತಕ, ಸ್ನಾನ ಅಂತ ಆ ಮನುಷ್ಯ ಹಸಿದುಕೊಂಡೇ ಇರಬೇಕಾಗುತ್ತದಲ್ಲ. ನಮ್ಮ ಸೋದರತ್ತೆ ಹೋದ ದಿನ ಬೆಂಗಳೂರಿನಿಂದ ಬಂದ ಚಿಕ್ಕಪ್ಪ, ಏನೂ ತಿಳಿಯದೆ, ಉಪ್ಪಿಟ್ಟು ಚೆನ್ನಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಂಡಿದ್ದರು. ಮಕ್ಕಳಾಗಿದ್ದ ನಾವು ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡಿದ್ದೆವು. ನಾನು ನೋಡಿ ಮರೆತೆ. ಅಣ್ಣ ನೋಡಿ ಕಲಿತ.

ಅವನು ಕಲಿತದ್ದು ನನ್ನ ತಲೆಯ ಮೇಲೇ ಬಿತ್ತು. 2007ರ ಸೆಪ್ಟೆಂಬರಿನಲ್ಲಿ, ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನಲ್ಲಿ ಅವನ ಜೊತೆಗಿದ್ದ ಅಮ್ಮನನ್ನು ಆನ್ ಆರ್ಬರಿನ ಆಸ್ಪತ್ರೆಗೆ ಸೇರಿಸಿದರು. ನಾನು ಷಿಕಾಗೋ ಪಕ್ಕದ ಲೊಂಬಾರ್ಡಿನ ನಮ್ಮ ಮನೆಯಿಂದ ಹೊರಟೆ, ನಾಲ್ಕೈದು ಗಂಟೆಯ ದಾರಿ. ದಾರಿಯಲ್ಲಿ ಫೋನ್ ಮಾಡಿದರೆ ಅಣ್ಣ ಹೇಳಿದ್ದು ಒಂದೇ ಮಾತು: "ಚೆನ್ನಾಗಿದಾರೆ ಕಣೇ, ಗಾಬರಿ ಏನಿಲ್ಲ, ನಿಧಾನವಾಗಿ ಡ್ರೈವ್ ಮಾಡ್ಕೊಂಡು ಬಾ." ನಾನು ನಿಧಾನವಾಗಿಯೇ ಬಂದೆ. ಪಾ ಪಾ ಎಂಬ ಊರಿನ ಹತ್ತಿರ ದ್ರಾಕ್ಷಿ ಮಾರುತ್ತಿದ್ದರು, ಅಮ್ಮನಿಗೆ ಇಷ್ಟ ಎಂದು ಇಳಿದು, ಆರಿಸಿ, ಒಂದು ಬುಟ್ಟಿ ಕೊಂಡೆ. ಕಲಮಜೂನಲ್ಲಿ ಕಾಫಿ ಕುಡಿದೆ. ಆಸ್ಪತ್ರೆ ತಲುಪಿದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಅವನು ಮೊದಲು ಕೇಳಿದ ಪ್ರಶ್ನೆ, "ಏನಾದ್ರೂ ತಿಂದ್ಯಾ?"

ಅಷ್ಟರಲ್ಲೇ ನನಗೆ ಅರ್ಥವಾಯಿತು. ನಾನೂ ಅದೇ ಮನೆಯವಳಲ್ಲವೇ!

"ನೀನು ಮೊದ್ಲೇ ಬಂದಿದ್ರೂ ಅಮ್ಮನಿಗೆ ಗೊತ್ತಾಗ್ತಿರ್ಲಿಲ್ಲ, ಜ್ಞಾನವೇ ಇರ್ಲಿಲ್ಲ" ಎಂದು ಅವನು ನೂರು ಸಲ ಸಮಾಧಾನ ಹೇಳಿದ. ನಾನು ಸಮಾಧಾನ ಆದವಳಂತೆ ನಟಿಸಿದೆ. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ, ಅತ್ತಿಗೆ ವತ್ಸಲಾಗೆ ಸೀರೆ ಕಳಿಸುತ್ತಿದ್ದೆ. ಅಣ್ಣನ ಮೇಲಿನ ಸಿಟ್ಟು ಮಾತ್ರ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಮುಂದಿನ ವರ್ಷದ ಕೊನೆಯಲ್ಲಿ ಅಣ್ಣನ ಕೆಲಸ ಹೋಯಿತು. ಕಾರಿನ ಸೀಟುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್ ಅವನು. ಡೆಟ್ರಾಯಿಟಿನಲ್ಲಿ ಕಾರೇ ಮಾರಾಟವಾಗದಿದ್ದ ಆ ಚಳಿಗಾಲದಲ್ಲಿ ಸೀಟು ಯಾರಿಗೆ ಬೇಕು? ಅವರ ಬಡಾವಣೆಯಲ್ಲಿ ಮನೆ ಬಿಟ್ಟು ಮನೆಗೆ ಮಾರಾಟದ ಬೋರ್ಡು ಎದ್ದಿತ್ತು. ಈ ಸುದ್ದಿಯನ್ನೂ ಆಸಾಮಿ ವಾರಗಟ್ಟಲೆ ಹೆಂಡತಿಗೆ ಹೇಳಲಿಲ್ಲ. ಕಾರಣ ಕೇಳಿದರೆ, "ಸ್ನೋ ಬೀಳ್ತಿತ್ತು, ಅವಳು ಫಾರ್ಮಸಿ ಕೆಲಸಕ್ಕೆ ಡ್ರೈವ್ ಮಾಡ್ಕೊಂಡು ಹೋಗ್ಬೇಕಿತ್ತಲ್ಲ" ಅಂದ. ವತ್ಸಲಾ ನಗಬೇಕೋ ಅಳಬೇಕೋ ತಿಳಿಯದೆ ನನಗೆ ಫೋನ್ ಮಾಡಿದ್ದಳು.

ಇಂಥವನನ್ನು ಪಿಕಪ್ ಟ್ರಕ್ ರೇಸಿಗೆ ಎಳೆದದ್ದು ಕ್ರಿಕೆಟ್. ಭಾನುವಾರ ನೋವೈ ಪಾರ್ಕಿನಲ್ಲಿ ನಮ್ಮವರು ಆಡುವ ಆಟಕ್ಕೆ ಅವನೇ ಅಂಪೈರ್. ಹದ್ದಿನ ಕಣ್ಣು, ತಣ್ಣನೆಯ ದನಿ, ಯಾರೂ ಅವನ ತೀರ್ಪಿಗೆ ಎದುರಾಡುತ್ತಿರಲಿಲ್ಲ. ಒಂದೇ ತೊಂದರೆ, ಔಟ್ ಕೊಡುವ ಮೊದಲು "ಒಳ್ಳೇ ಆಟ ಆಡ್ದೆ ಕಣಪ್ಪ" ಎನ್ನುವನು. ಅದನ್ನು ಕೇಳಿದ ಬ್ಯಾಟ್ಸ್‌ಮನ್, ಬೆರಳು ಏಳುವ ಮೊದಲೇ ತಂಪು ಪಾನೀಯದ ಪೆಟ್ಟಿಗೆಯ ಕಡೆಗೆ ಹೆಜ್ಜೆ ಹಾಕುತ್ತಿದ್ದ. ಆ ಪಾರ್ಕಿನ ಪಕ್ಕದ ಮನೆಯವನು ಗಸ್, ಲಿವೋನಿಯಾದಲ್ಲಿ ಕಾರಿನ ಭಾಗಗಳನ್ನು ಲೇತಿನಲ್ಲಿ ಕಡೆದು ಮಾಡುವ ವರ್ಕ್‌ಶಾಪ್ ಇಟ್ಟವನು. ಅವನ ಮಗ ಡ್ಯಾನಿ ಟ್ರಕ್ ರೇಸ್ ಓಡಿಸುತ್ತಿದ್ದ. ಹಿಂದಿನ ವರ್ಷ ಬೇಲಿಯಾಚೆ ನಿಂತು ಆಟ ನೋಡಿದ್ದ ಗಸ್, ವಸಂತ ಬರುತ್ತಲೇ ಅಣ್ಣನ ಮನೆಗೆ ಬಂದು, ನನ್ನ ಮಗನಿಗೆ ನಿನ್ನ ದನಿ ಬೇಕು ಅಂದನಂತೆ.

ಈ ರೇಸಿನ ಟ್ರಕ್ಕುಗಳು ನೋಡಲು ನಮ್ಮ ಬೀದಿಯ ಪಿಕಪ್‌ಗಳಂತೆಯೇ ಇರುತ್ತವೆ, ಒಳಗೆಲ್ಲ ಕಬ್ಬಿಣದ ಪಂಜರ. ಓಡಿಸುವವನ ತಲೆಯನ್ನು ಸೀಟಿಗೆ ಬಿಗಿದು ಕಟ್ಟಿರುತ್ತಾರೆ. ಅವನಿಗೆ ಅಕ್ಕಪಕ್ಕ ಕಾಣದು, ಹೊಗೆಯೆದ್ದರೆ ಮುಂದಿನದೂ ಕಾಣದು. ಅದಕ್ಕೇ ಪ್ರತಿ ತಂಡದವನೊಬ್ಬ ಪ್ರೇಕ್ಷಕರ ಗ್ಯಾಲರಿಯ ಛಾವಣಿಯ ಮೇಲೆ ನಿಂತು ರೇಡಿಯೋದಲ್ಲಿ ಹೇಳುತ್ತಿರಬೇಕು. ಟ್ರ್ಯಾಕಿನ ಒಳಬದಿಗೆ ಒಬ್ಬ ಬಂದ. ಇನ್ನೂ ಇದಾನೆ. ಇನ್ನೂ ಇದಾನೆ. ಕ್ಲಿಯರ್. ಈ ಕೆಲಸದವನಿಗೆ ಸ್ಪಾಟರ್ ಎನ್ನುತ್ತಾರೆ. ಓಡಿಸುವವನ ಜೀವ ಅವನ ನಾಲಗೆಯ ಮೇಲೆ ಇರುತ್ತದೆ.

ಮೊದಲ ರೇಸುಗಳಲ್ಲಿ ಅಣ್ಣ ಚೆನ್ನಾಗಿಯೇ ಮಾಡಿದ, ಏಕೆಂದರೆ ಕೆಟ್ಟದ್ದೇನೂ ನಡೆಯಲಿಲ್ಲ. ಜೂನ್‌ನಲ್ಲಿ, ಮಿಷಿಗನ್ನಿನ ಒಂದು ಟ್ರ್ಯಾಕಿನಲ್ಲಿ, ತಿರುವಿನಾಚೆ ಒಂದು ಟ್ರಕ್ ಗಿರಕಿ ಹೊಡೆದು ಅಡ್ಡಲಾಗಿ ನಿಂತಿತು. ಹೊಗೆಯೊಳಗೆ ನುಗ್ಗುತ್ತಿದ್ದ ಡ್ಯಾನಿಗೆ ಅದು ಕಾಣಲಿಲ್ಲ. ಛಾವಣಿಯ ಮೇಲಿದ್ದ ಅಣ್ಣನಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಅವನ ಬಾಯಿಂದ ಬಂದದ್ದು ಇದು: "ಡ್ಯಾನಿ, ತುಂಬಾ ಚೆನ್ನಾಗಿ ಓಡಿಸ್ತಾ ಇದೀಯ, ಸ್ವಲ್ಪ ಮುಂದೆ..."

ಮುಂದಿನ ಮಾತು ಮುಗಿಯುವ ಮೊದಲೇ ಡ್ಯಾನಿ ಹೋಗಿ ಗುದ್ದಿದ್ದ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಡ್ಯಾನಿಯ ಭುಜದ ಮೂಳೆ ಬಿರುಕು ಬಿಟ್ಟಿತು. ಟ್ರಕ್ಕಂತೂ ಗುರುತೇ ಸಿಗದಷ್ಟು ನುಜ್ಜಾಯಿತು. ಚಳಿಗಾಲವಿಡೀ ಅಪ್ಪ ಮಗ ಕೂತು ಕಟ್ಟಿದ್ದ ಟ್ರಕ್ಕು ಅದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವರ್ಕ್‌ಶಾಪಿನಲ್ಲಿ ಇನ್ನು ಉಳಿದದ್ದು ಒಂದೇ ಹಳೆಯ ಟ್ರಕ್ಕು. ಅದೂ ಹೋದರೆ ತಂಡವೇ ಮುಚ್ಚುತ್ತದೆ ಎಂದು ಗಸ್ ಹೇಳಿಬಿಟ್ಟ. ಸ್ಪಾಟರನ್ನು ಬದಲಾಯಿಸಬೇಕೆಂದೂ ಹೇಳಿದ. ಕೈಯನ್ನು ಕೊರಳಿನ ಪಟ್ಟಿಗೆ ನೇತುಹಾಕಿಕೊಂಡಿದ್ದ ಡ್ಯಾನಿ ಮಾತ್ರ ಅಣ್ಣನ ಎದುರು ಬಂದು ಕೂತು ಕೇಳಿದನಂತೆ, "ನನ್ನ ಹತ್ರ ಏನೂ ಮುಚ್ಚಿಡಲ್ಲ ಅಂತ ಮಾತು ಕೊಡ್ತೀಯಾ? ಕೆಟ್ಟದ್ದಿದ್ರೆ ಕೆಟ್ಟದ್ದು ಅಂತಲೇ ಮೊದ್ಲು ಹೇಳ್ಬೇಕು." ಅಣ್ಣ ಮಾತು ಕೊಟ್ಟ. ಆಗಸ್ಟ್ ಕೊನೆಗೆ ಷಿಕಾಗೋ ಕಡೆ, ಜೋಲಿಯೆಟ್ ಹತ್ತಿರ ರೇಸ್ ಇತ್ತು. ಅದೊಂದರಲ್ಲಿ ನೋಡೋಣ, ಎಡವಟ್ಟಾದರೆ ರಘು ಛಾವಣಿಯಿಂದ ಇಳಿಯಬೇಕು ಎಂದು ಗಸ್ ಒಪ್ಪಿದ.

ಆ ರೇಸಿನ ವಾರ ಅಣ್ಣ ನಮ್ಮ ಮನೆಗೆ ಬಂದು ಇಳಿದ. ಪಾಪ, ಅರ್ಧ ಇಳಿದುಹೋಗಿದ್ದ. ಬೆಳಗ್ಗೆ ಎದ್ದರೆ ಬಾತ್‌ರೂಮಿನ ಕನ್ನಡಿಯ ಮುಂದೆ "ರೆಕ್, ರೆಕ್, ಗೋ ಹೈ" ಎಂದು, ಅಂದರೆ ಮುಂದೆ ಅಪಘಾತ, ಟ್ರ್ಯಾಕಿನ ಮೇಲಂಚಿಗೆ ಹೋಗು ಎಂದು, ಮಂತ್ರ ಹೇಳುವವನಂತೆ ಅಭ್ಯಾಸ ಮಾಡುತ್ತಿದ್ದ. ನನ್ನ ಮಗಳು ದಿಯಾ ಬಾಗಿಲು ಬಡಿದು, "ಮಾಮಾ, ಸಮ್ ಆಫ್ ಅಸ್ ಹ್ಯಾವ್ ಸ್ಕೂಲ್" ಅನ್ನುವಳು.

ಒಂದು ಸಂಜೆ, "ನೀನು ಡ್ರೈವ್ ಮಾಡು, ನಾನು ಪಕ್ಕದಲ್ಲಿ ಕೂತು ಸ್ಪಾಟ್ ಮಾಡ್ತೀನಿ" ಅಂದ. ನಾವು 355ನೇ ಹೆದ್ದಾರಿಯಲ್ಲಿ ಹೊರಟೆವು. ಸ್ವಲ್ಪ ದೂರ ಸರಿಯಾಗಿಯೇ ಹೇಳುತ್ತಿದ್ದ. ಆಮೇಲೆ ಹಿಂದಿನಿಂದ ದೊಡ್ಡ ಟ್ರೇಲರೊಂದು ಮೈಮೇಲೆ ಬರುವಂತೆ ಬಂತು. ನಾನು ಅದನ್ನು ಕನ್ನಡಿಯಲ್ಲಿ ನೋಡಿದೆ. ಅವನೂ ನೋಡಿದ, ಬಾಯಿ ತೆರೆದ, ಮುಚ್ಚಿದ.

"ಯಾಕೆ ಹೇಳ್ಲಿಲ್ಲ?" ಅಂದೆ.

"ನಿಂಗೆ ಗಾಬರಿ ಆಗುತ್ತೆ ಅಂತ..."

ಅಷ್ಟೇ ಸಾಕಾಯಿತು. ಸಿಟ್ಟು ಮೊದಲೇ ನನಗೆ ಮೂಗಿನ ತುದಿಯಲ್ಲಿ. "ಗಾಬರಿ ಆಗುತ್ತೆ ಅಂತ! ಅವತ್ತೂ ಅದೇ ತಾನೆ? ನಾನು ದಾರೀಲಿ ನಿಂತ್ಕೊಂಡು ದ್ರಾಕ್ಷಿ ಆರಿಸ್ತಿದ್ದೆ ಕಣೋ! ಒಂದೊಂದೇ ಗೊಂಚಲು ಎತ್ತಿ ನೋಡಿ ಆರಿಸ್ತಿದ್ದೆ! ಸೀರಿಯಸ್ ಅಂತ ಒಂದು ಮಾತು ಹೇಳಿದ್ರೆ ಅಮ್ಮನ ಮುಖ ನೋಡ್ತಿದ್ದೆ. ಅದನ್ನ ನೀನು ತಿಂದ್‌ಹಾಕ್ಬಿಟ್ಟೆ."

ಎರಡು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಕೊನೆಗೆ ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿ, "ಹೇಳಿದ್ರೆ ನೀನು ಅತ್ಕೊಂಡು ಎಂಬತ್ತು ತೊಂಬತ್ತು ಮೈಲಿ ಸ್ಪೀಡಲ್ಲಿ ಓಡಿಸ್ಕೊಂಡು ಬರ್ತಿದ್ದೆ ರೇಣು. ಒಂದೇ ದಿನ ಇಬ್ಬರನ್ನ ಕಳ್ಕೊಳ್ಳೋ ಧೈರ್ಯ ನನಗಿರ್ಲಿಲ್ಲ" ಅಂದ.

ಅವನ ಮಾತು ನಿಜವೆನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಮೂಗು ಒರೆಸಿಕೊಂಡು ಓಡಿಸುತ್ತಿದ್ದವಳಿಗೆ ಅಣ್ಣ ಮೆಲ್ಲಗೆ ಹೇಳಿದ, "ನಿನ್ನ ಎಕ್ಸಿಟ್ ಹೋಯ್ತು."

"ಯಾವಾಗ?"

"ಆಗ್ಲೇ. ನೀನು ಅಳ್ತಾ ಇದ್ದೆ."

ರೇಸಿನ ದಿನ ಶನಿವಾರ ಮಧ್ಯಾಹ್ನ ನಾನು ದಿಯಾಳ ಜೊತೆ ಗ್ಯಾಲರಿಯಲ್ಲಿ ಕೂತೆ. ತಂಡಗಳ ರೇಡಿಯೋ ಮಾತನ್ನು ಪ್ರೇಕ್ಷಕರೂ ಕೇಳಲು ಸ್ಕ್ಯಾನರ್ ಎಂಬ ಯಂತ್ರ ಬಾಡಿಗೆಗೆ ಸಿಗುತ್ತದೆ. ಅದನ್ನು ಕಿವಿಗೆ ಹಾಕಿಕೊಂಡೆ. ನನ್ನ ತಲೆಯ ಮೇಲೆ, ಛಾವಣಿಯಲ್ಲಿ ಎಲ್ಲೋ ಅಣ್ಣ ನಿಂತಿದ್ದ. ಕಾಣುತ್ತಿರಲಿಲ್ಲ, ದನಿ ಮಾತ್ರ ಕಿವಿಯೊಳಗೇ ಕೂತಿತ್ತು. ಆ ಟ್ರಕ್ಕುಗಳ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ.

ಅಣ್ಣ ಆ ದಿನ ಬೇರೆಯೇ ಮನುಷ್ಯನಾಗಿದ್ದ. ನಡುವೆ ಎರಡು ಟ್ರಕ್ಕುಗಳು ತಾಗಿ ಸುತ್ತಿದಾಗ "ರೆಕ್, ಗೋ ಲೋ, ಲೋ, ಲೋ" ಎಂದು ಅವನ ದನಿ ಚಾಟಿಯಂತೆ ಬಂತು. ಡ್ಯಾನಿ ಹೊಗೆಯ ಕೆಳಗಿನಿಂದ ನುಸುಳಿ ಆಚೆ ಬಂದ. ನಾನು ಎದ್ದು ನಿಂತು ಕಿರುಚಿದೆ. ದಿಯಾ ನಾಚಿಕೆಯಿಂದ ಟೋಪಿ ಮುಖಕ್ಕೆ ಎಳೆದುಕೊಂಡಳು. ಒಂದೊಂದೇ ಸ್ಥಾನ ಮೇಲೇರಿದ ಡ್ಯಾನಿ ರೇಸಿನ ಕೊನೆಯ ಭಾಗಕ್ಕೆ ಬರುವಾಗ ಮೂರನೆಯವನಾಗಿದ್ದ. ಮೂರನೆಯ ಸ್ಥಾನ ಉಳಿದರೆ ಮುಂದಿನ ವರ್ಷಕ್ಕೆ ಯಾರಾದರೂ ಪ್ರಾಯೋಜಕರು ಸಿಕ್ಕಾರು, ತಂಡ ಉಳಿದೀತು ಎಂದು ಅಣ್ಣ ಬೆಳಗ್ಗೆ ಕಾಫಿ ಕುಡಿಯುವಾಗ ಹೇಳಿದ್ದ.

ಆಗ ನಾನು ಬೈನಾಕ್ಯುಲರಿನಲ್ಲಿ ಗಸ್‌ನನ್ನು ಹುಡುಕಿದೆ, ಆ ಮನುಷ್ಯನ ಖುಷಿ ನೋಡೋಣ ಎಂದು. ಅವರ ತಂಡ ನಿಲ್ಲುವ ಜಾಗದಲ್ಲಿ ಗಸ್ ಒಂದು ಟೈರಿನ ಮೇಲೆ ಕೂತಿದ್ದ. ಕೈ ಎದೆಯ ಮೇಲಿತ್ತು. ನೋಡುತ್ತಿದ್ದಂತೆ ಪಕ್ಕಕ್ಕೆ ವಾಲಿದ. ಜನ ಸುತ್ತುವರಿದರು. ದೀಪ ಮಿನುಗಿಸುತ್ತ ಆಂಬುಲೆನ್ಸ್ ಬಂತು.

ತಂಡದವರು ಡ್ಯಾನಿಗೆ ಕೇಳಿಸದಂತೆ ಸ್ಪಾಟರ್ ಜೊತೆ ಮಾತಾಡಲು ಇನ್ನೊಂದು ಚಾನೆಲ್ ಇರುತ್ತದೆ. ನನ್ನ ಸ್ಕ್ಯಾನರಿನಲ್ಲಿ ಅದೂ ಕೇಳುತ್ತಿತ್ತು. ಅವರ ಮುಖ್ಯ ಮೆಕ್ಯಾನಿಕ್ ಅದರಲ್ಲಿ ಒದರಿದ, "ರಘು, ಗಸ್‌ಗೆ ಎದೆನೋವು. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದಾರೆ. ಹುಡುಗನಿಗೆ ಹೇಳ್ಬೇಡ. ರೇಸ್ ಮುಗೀಲಿ. ಗಸ್ ಕೂಡ ಅದನ್ನೇ ಹೇಳ್ತಿದಾನೆ."

ಅಂದರೆ ಇವರ ಮನೆಗಳಲ್ಲೂ ಇದೇ ಕಾಯಿದೆ!

"ನಾನು ಅವನಿಗೆ ಮಾತು ಕೊಟ್ಟಿದೀನಿ" ಅಂದ ಅಣ್ಣ.

"ಹೇಳಿದ್ರೆ ಗೋಡೆಗೆ ಹೋಗಿ ಬಡೀತಾನೆ. ನಮ್ಮ ಹತ್ರ ಇರೋದು ಇದೊಂದೇ ಟ್ರಕ್ಕು. ಅವನ ಜೀವ ನಿನ್ನ ಕೈಲಿದೆ, ಬಾಯಿ ಮುಚ್ಕೊಂಡಿರು."

ಆ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಅಣ್ಣ ಅವತ್ತು ನನಗೆ ಸುಮ್ಮನಿದ್ದದ್ದೂ ಇದೇ ಕಾರಣಕ್ಕೆ. ಹೇಳು ಎಂದು ಅರ್ಧ ಮನಸ್ಸು, ಬೇಡ ಕಣೋ, ಹುಡುಗ ಸತ್ತುಹೋದಾನು ಎಂದು ಇನ್ನರ್ಧ. ದಿಯಾ "ಮಾಮ್, ಯು ಆರ್ ಹರ್ಟಿಂಗ್ ಮೈ ಆರ್ಮ್" ಎಂದಾಗಲೇ ನಾನು ಅವಳ ತೋಳು ಹಿಡಿದಿದ್ದೇನೆಂದು ಗೊತ್ತಾದದ್ದು.

ಅಷ್ಟರಲ್ಲಿ ಡ್ಯಾನಿಯೇ ಕೇಳಿದ, "ನಮ್ಮ ಜಾಗದ ಹತ್ರ ಲೈಟ್ ಏನದು? ಯಾರಿಗೆ ಏನಾಯ್ತು?"

ಟ್ರಕ್ಕು ತಿರುವಿಗೆ ಇಳಿಯಿತು, ಒಳಗಡೆಯಿಂದ ಇನ್ನೊಂದು ಅದಕ್ಕೆ ಅಂಟಿಕೊಂಡೇ ಬಂತು.

"ಇನ್‌ಸೈಡ್" ಅಂದ ಅಣ್ಣ. "ಸ್ಟಿಲ್ ದೇರ್. ಸ್ಟಿಲ್ ದೇರ್." ತಿರುವು ಮುಗಿದು ನೇರ ದಾರಿ ಬಂತು. "ಕ್ಲಿಯರ್. ಡ್ಯಾನಿ, ಕೆಟ್ಟ ಸುದ್ದಿ. ನಿನ್ನ ತಂದೆಗೆ ಎದೆನೋವು. ಎಚ್ಚರ ಇದೆ, ಮಾತಾಡ್ತಿದಾರೆ. ಆಂಬುಲೆನ್ಸ್ ಹೊರಡೋಕೆ ರೆಡಿ ಇದೆ."

ಟ್ರಕ್ಕು ಓಲಾಡಿತು. ಕಣ್ಣೆದುರಿಗೇ ಅದರ ಹಿಂಭಾಗ ಗೋಡೆಯ ಕಡೆಗೆ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ಕಿವಿಯಲ್ಲಿ ಅಣ್ಣನ ದನಿ ನಿಲ್ಲಲೇ ಇಲ್ಲ. "ನಾನಿಲ್ಲೇ ಇದೀನಿ. ಸ್ಟೀರಿಂಗ್ ಸಡಿಲ ಬಿಡು. ಹಾಂ, ಹಾಗೇ. ಹಿಂದೆ ಇಬ್ರು ಇದಾರೆ, ಹೊರಗಡೆಯಿಂದ ಹೋಗ್ತಾರೆ, ಹೋಗ್ಲಿ ಬಿಡು. ಒಬ್ಬ ಹೋದ. ಇನ್ನೊಬ್ಬ ಇನ್ನೂ ಇದಾನೆ. ಇನ್ನೂ ಇದಾನೆ. ಕ್ಲಿಯರ್. ಈಗ ಕೆಳಗೆ ಬಾ, ಒಳಗೆ ಬಾ. ನಿಮ್ಮಪ್ಪನ ಆಂಬುಲೆನ್ಸ್ ಗೇಟಿನ ಎಡಗಡೆ ನಿಂತಿದೆ, ನಾನು ನೋಡ್ತಾ ಇದೀನಿ, ಇನ್ನೂ ಅಲ್ಲೇ ಇದೆ."

ಕಣ್ಣು ತೆರೆದಾಗ ಟ್ರಕ್ಕು ಒಂದು ಗೀರೂ ಇಲ್ಲದೆ ಟ್ರ್ಯಾಕ್ ಬಿಟ್ಟು ತಂಡದ ಜಾಗಕ್ಕೆ ಬಂದು ನಿಂತಿತ್ತು. ಡ್ಯಾನಿ ಹೆಲ್ಮೆಟ್ ಎಸೆದು ಓಡಿದ. ಆಂಬುಲೆನ್ಸಿನ ಹಿಂಬಾಗಿಲು ಅವನನ್ನು ಒಳಗೆ ಎಳೆದುಕೊಂಡು ಮುಚ್ಚಿತು. ಮೂರನೆಯ ಸ್ಥಾನ ಯಾರಿಗೋ ಹೋಯಿತು.

ಗಸ್ ಬದುಕಿದ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಎಚ್ಚರವಾದ ಮೇಲೆ ಮೊದಲು ಮಗನ ಕೈ ಹಿಡಿದು ಅತ್ತನಂತೆ, ಆಮೇಲೆ ಮೂರನೇ ಸ್ಥಾನ ಬಿಟ್ಟು ಬಂದೆಯಲ್ಲೋ ಮೂರ್ಖ ಎಂದು ಬೈದನಂತೆ. ಆ ಋತುವಿನ ಉಳಿದ ರೇಸುಗಳಿಗೆ ಅವರು ಹೋಗಲಿಲ್ಲ. ಪ್ರಾಯೋಜಕರೂ ಬರಲಿಲ್ಲ. ಚಳಿಗಾಲಕ್ಕೆ ಮುಂಚೆ ಗಸ್ ಆ ಟ್ರಕ್ಕನ್ನು ಮಾರಿದ. ಅಣ್ಣ ಮತ್ತೆ ಯಾವ ಛಾವಣಿಯನ್ನೂ ಹತ್ತಲಿಲ್ಲ. ಅವನಿಗೆ ಮುಂದಿನ ವರ್ಷ ಒಂದು ಪರವಾಗಿಲ್ಲ ಎನ್ನುವಂಥ ಕೆಲಸ ಸಿಕ್ಕಿತು. ಭಾನುವಾರ ಈಗಲೂ ಅಂಪೈರ್ ಮಾಡುತ್ತಾನೆ. ಈಗ ಮೊದಲು ಬೆರಳು ಎತ್ತುತ್ತಾನೆ, ಆಮೇಲೆ "ಒಳ್ಳೇ ಆಟ ಆಡ್ದೆ" ಎನ್ನುತ್ತಾನೆ.

ರೇಸ್ ಮುಗಿದ ಸಂಜೆ ಅವನನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿಕೊಂಡು ಮನೆಗೆ ಹೊರಟೆ. ದಿಯಾ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆಹೋಗಿದ್ದಳು. ಅಣ್ಣನ ಮುಖ ಬಿಸಿಲಿಗೆ ಬೆಂದಿತ್ತು, ದನಿ ಒಡೆದಿತ್ತು. ಡ್ಯಾನಿ ಫೋನ್ ಮಾಡಿ ಅಪ್ಪ ಪಾರಾದ ಎಂದು ಹೇಳಿ ಆಗಿತ್ತು. ನನಗೆ ಅವನ ಬಗ್ಗೆ ಹೆಮ್ಮೆ, ಹೇಳಲು ಬಿಗುಮಾನ. ಟೋಲ್ ದಾಟಿದ ಮೇಲೆ ಅವನೇ ಮಾತು ತೆಗೆದ.

"ರೇಣು, ಒಂದು ಕೆಟ್ಟ ಸುದ್ದಿ ಇದೆ."

"ಗಸ್‌ಗೆ ಏನಾಯ್ತು?"

"ಗಸ್‌ಗೆ ಏನಾಗಿಲ್ಲ. ಇದು ಅಮ್ಮನ ವಿಷಯ."

"ನಾನು ಡ್ರೈವ್ ಮಾಡ್ತಿದೀನಿ ಕಣೋ."

"ಗೊತ್ತು. ಅದಕ್ಕೇ ಪಕ್ಕದಲ್ಲಿ ಕೂತಿದೀನಿ." ಕಣ್ಣನ್ನು ರಸ್ತೆಯ ಮೇಲೇ ಇಟ್ಟು ಹೇಳಿದ, "ಅಮ್ಮನಿಗೆ ಜ್ಞಾನ ಇತ್ತು. ಜ್ಞಾನ ಇರ್ಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ರೇಣು ಎಲ್ಲಿ, ರೇಣು ಎಲ್ಲಿ ಅಂತ ಕೇಳ್ತಾನೇ ಇದ್ರು. ನೀನು ಆಗಿನ್ನೂ ದಾರೀಲಿ ಬ್ಯಾಟಲ್ ಕ್ರೀಕ್ ಊರೂ ದಾಟಿರ್ಲಿಲ್ಲ. ನಾನು, ಬಂದಿದಾಳಮ್ಮ, ಕೆಳಗೆ ಕಾರ್ ಪಾರ್ಕ್ ಮಾಡ್ತಿದಾಳೆ ಅಂದೆ. ಅಮ್ಮ, ಹೂಂ, ಇಲ್ಲಿ ಪಾರ್ಕಿಂಗ್ ಸಿಗೋದು ಕಷ್ಟ ಅಂದ್ರು. ಅದೇ ಕೊನೇ ಮಾತು. ಬಾಗಿಲ ಕಡೆಗೇ ನೋಡ್ತಾ ಇದ್ರು."

ರಸ್ತೆ ನನ್ನ ಕಣ್ಣೆದುರು ಕಲಸಿಹೋಯಿತು. ಕೆಂಪು ದೀಪಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು, ಕಾರು ಎಲ್ಲಾದರೂ ನಿಲ್ಲಿಸಿ ಕೂಗಿಕೊಳ್ಳಬೇಕು ಅನ್ನಿಸಿತು. ಯಾವುದೂ ಆಗಲಿಲ್ಲ, ಎಡಗಡೆಯ ವೇಗದ ಲೇನಿನಲ್ಲಿ ಓಡುತ್ತಲೇ ಇದ್ದೆ.

"ಬಲಗಡೆ ಬಿಳಿ ವ್ಯಾನ್ ಇದೆ" ಅಂದ ಅಣ್ಣ, ಆ ಒಡೆದ ದನಿಯಲ್ಲಿ. "ಇನ್ನೂ ಇದೆ. ಇನ್ನೂ ಇದೆ. ಕ್ಲಿಯರ್. ಈಗ ಬಾ."

ನಾನು ಬಲಕ್ಕೆ ಬಂದೆ.

"ಇನ್ನೊಂದು ಲೇನು. ಯಾರೂ ಇಲ್ಲ. ಬಾ, ನಿಧಾನಕ್ಕೆ. ಕ್ಲಿಯರ್."

ನಮ್ಮ ಮನೆಗೆ ತಿರುಗುವ ರೂಸ್‌ವೆಲ್ಟ್ ರೋಡಿನ ಎಕ್ಸಿಟ್ ಇನ್ನು ಒಂದು ಮೈಲಿ ಇದೆ ಎಂದು ಈ ಸಲ ಅವನು ಮೊದಲೇ ಹೇಳಿದ. ನಾನು ಅಳುತ್ತಲೇ ಇಂಡಿಕೇಟರ್ ಹಾಕಿದೆ.